ದಿಕ್ಕು ಬಲ್ಲ ಕಣ

‘ಫಿಸಿಕಲ್ ರಿವ್ಯೂ’ ಪತ್ರಿಕೆಯ 1969ರ ಮೇ 10ರ ಸಂಚಿಕೆಯಲ್ಲಿ ಕಾಂತಗಳ ಒಳಗುಟ್ಟನ್ನು ಕುರಿತ ಎರಡು ಪ್ರಬಂಧಗಳಿವೆ. 920ನೇ ಪುಟದಲ್ಲಿ ಶುರುವಾಗುವುದು ಅಮೆರಿಕದ ಓಕ್ ರಿಜ್‌ನಿಂದ ಬಂದದ್ದು. ಮೂನ್, ರಿಸ್ಟೆ, ಕೋಲರ್ ಎಂಬ ಮೂವರು ಬರೆದದ್ದು. ಧ್ರುವೀಕೃತ, ಅಂದರೆ ಸ್ಪಿನ್ ಒಂದೇ ಕಡೆಗೆ ತಿರುಗಿದ, ನ್ಯೂಟ್ರಾನ್‌ಗಳನ್ನು ವಸ್ತುವಿನ ಮೇಲೆ ಹಾಯಿಸಿ, ಚದರಿದ ಮೇಲೆ ಅವುಗಳ ಸ್ಪಿನ್ ಯಾವ ಕಡೆಗಿದೆಯೆಂದು ಮತ್ತೆ ಅಳೆಯುವ ವಿದ್ಯೆಯ ತಳಹದಿ ಅದು. ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಓದುತ್ತಾರೆ. ಅಲ್ಲಿಂದ ಐವತ್ತು ಪುಟ ದಾಟುವ ಮೊದಲೇ, 969ನೇ ಪುಟದಲ್ಲಿ, ಎರಡನೆಯದು ಸಿಗುತ್ತದೆ. ಅದು ಮುಂಬೈಯಿಂದ ಹೋದದ್ದು. ಎನ್.ಎಸ್. ಸತ್ಯಮೂರ್ತಿ, ನಟೇರಾ, ಯೂಸೆಫ್, ಬೇಗಂ, ಶ್ರೀವಾಸ್ತವ ಎಂಬ ಐವರ ಹೆಸರು ಅದರ ತಲೆಯ ಮೇಲಿದೆ. ಸತು–ನಿಕ್ಕಲ್ ಫೆರೈಟ್‌ಗಳಲ್ಲಿ ಪರಮಾಣು ಕಾಂತಗಳು ಎಷ್ಟು ಕೋನ ಓರೆಯಾಗಿ ನಿಲ್ಲುತ್ತವೆ ಎಂಬುದನ್ನು ನ್ಯೂಟ್ರಾನ್ ವಿವರ್ತನೆಯಿಂದ ಕಂಡುಕೊಂಡ ವರದಿ ಅದು. ಆಗ ನಮ್ಮಲ್ಲಿ ಅಂಥ ಕೆಲಸಕ್ಕೆ ಒದಗುವ ರಿಯಾಕ್ಟರ್‌ಗಳಿಗೆ ಇನ್ನೂ ಹದಿನೈದು ವರ್ಷ ತುಂಬಿರಲಿಲ್ಲ.

ಆ ಫೆರೈಟ್ ಎಲ್ಲಿದೆ ಎಂದರೆ ಜಯನಗರ, ಜೆ.ಪಿ. ನಗರದ ಮನೆಮನೆಯಲ್ಲೂ ಇದೆ. ಕಂಪ್ಯೂಟರಿನ ಕೇಬಲ್ ಮೇಲೆ, ಕೆಲವು ಲ್ಯಾಪ್‌ಟಾಪ್ ಚಾರ್ಜರ್‌ಗಳ ವೈರಿನ ತುದಿಯಲ್ಲಿ, ಒಂದು ದಪ್ಪ ಗಂಟು ಇರುತ್ತದಲ್ಲ, ಅದರೊಳಗಿರುವುದು ಸಾಮಾನ್ಯವಾಗಿ ನಿಕ್ಕಲ್–ಸತು ಫೆರೈಟ್. ಬೇಡದ ರೇಡಿಯೋ ಕಂಪನಗಳನ್ನು ಅದು ಹೀರಿಕೊಳ್ಳುತ್ತದೆ. ಇಂಡಕ್ಷನ್ ಒಲೆಯ ಸುರುಳಿಯ ಕೆಳಗೆ ಜೋಡಿಸಿದ ಕಪ್ಪು ಪಟ್ಟಿಗಳು, ಅಜ್ಜನ ಟ್ರಾನ್ಸಿಸ್ಟರ್‌ನೊಳಗೆ ಆಕಾಶವಾಣಿಯನ್ನು ಹಿಡಿದು ಕೊಡುತ್ತಿದ್ದ ಕಪ್ಪು ಕಡ್ಡಿ ಇವೂ ಅದೇ ಕುಲದವು. ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹಗಳ ಆಕ್ಸೈಡು ಬೆರೆಸಿ, ಅರೆದು, ಒತ್ತಿ, ಕುಲುಮೆಯಲ್ಲಿ ಸುಟ್ಟರೆ ಫೆರೈಟ್ ಆಗುತ್ತದೆ.

ಇದರಲ್ಲಿ ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಒಂದು ವಿಚಿತ್ರವಿದೆ. ಸತು ಕಾಂತವಲ್ಲ. ಆದರೂ ನಿಕ್ಕಲ್ ಫೆರೈಟಿಗೆ ಸತು ಸೇರಿಸುತ್ತ ಹೋದರೆ ಅದರ ಕಾಂತಬಲ ಮೊದಲು ಏರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಇಳಿಯತೊಡಗುತ್ತದೆ. ಏರಿಕೆಯ ಕಾರಣವನ್ನು ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ಬಿಡಿಸಿದರು. ಫೆರೈಟಿನ ಹರಳಿನಲ್ಲಿ ಲೋಹದ ಪರಮಾಣುಗಳಿಗೆ ಎರಡು ಬಗೆಯ ಜಾಗಗಳಿವೆ: ನಾಲ್ಕು ಆಮ್ಲಜನಕಗಳ ನಡುವಿನದು, ಆರು ಆಮ್ಲಜನಕಗಳ ನಡುವಿನದು. ಒಂದು ಬಗೆಯ ಜಾಗದಲ್ಲಿರುವ ಪರಮಾಣು ಕಾಂತಗಳೆಲ್ಲ ಮೇಲ್ಮುಖವಾದರೆ ಇನ್ನೊಂದರವು ಕೆಳಮುಖ. ನಾವು ಹೊರಗೆ ಅಳೆಯುವ ಬಲ ಇವೆರಡರ ವ್ಯತ್ಯಾಸ ಮಾತ್ರ. ಸತು ಹೋಗಿ ಕೂರುವುದು ನಾಲ್ಕರ ನಡುವಿನ ಜಾಗದಲ್ಲಿ, ಅಂದರೆ ಸಂಖ್ಯೆಯಲ್ಲಿ ಕಡಿಮೆ ಇರುವ ವಿರೋಧಿ ಪಾಳಯದಲ್ಲಿ. ವಿರೋಧ ಕುಗ್ಗಿದಷ್ಟೂ ಒಟ್ಟು ಬಲ ಏರುತ್ತದೆ. ಹಾಗಾದರೆ ಮುಂದೆ ಇಳಿಯುವುದೇಕೆ? 1952ರಲ್ಲಿ ಯಾಫೆಟ್ ಮತ್ತು ಕಿಟೆಲ್ ಒಂದು ಊಹೆ ಮುಂದಿಟ್ಟರು. ಆರರ ನಡುವೆ ಕೂತ ಕಾಂತಗಳಿಗೆ ತಮ್ಮತಮ್ಮಲ್ಲೂ ವೈಮನಸ್ಯವಿದೆ. ಎದುರು ಪಾಳಯ ಬಲವಾಗಿರುವವರೆಗೆ ಅದು ಅಡಗಿರುತ್ತದೆ, ಎದುರಾಳಿ ಬಡವಾದೊಡನೆ ಅವು ಸಾಲು ತಪ್ಪಿ, ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾಗುತ್ತವೆ ಎಂದು. ಕಾಗದದ ಮೇಲೆ ಸೊಗಸಾದ ವಿವರಣೆ. ಆದರೆ ಪರಮಾಣು ಓರೆಯಾಗಿದೆ ಎಂದು ನೋಡಿ ಹೇಳುವವರು ಯಾರು? ತೂಗಿ ಅಳೆಯುವ ಕಾಂತಮಾಪಕ ಒಟ್ಟು ಮೊತ್ತವನ್ನಷ್ಟೇ ಕೊಡುತ್ತದೆ. ಎಕ್ಸ್-ಕಿರಣಕ್ಕೆ ಎಲೆಕ್ಟ್ರಾನಿನ ವಿದ್ಯುದಂಶ ಕಾಣುತ್ತದೆ. ಅದರ ಕಾಂತ ಬಹುಮಟ್ಟಿಗೆ ಕಾಣುವುದಿಲ್ಲ. ಸತ್ಯಮೂರ್ತಿಯವರ ತಂಡ ಸತುವಿನ ಪ್ರಮಾಣ ಬದಲಿಸುತ್ತ, ಉಷ್ಣತೆ ಬದಲಿಸುತ್ತ, ಆ ಓರೆಯನ್ನು ನ್ಯೂಟ್ರಾನಿನಿಂದ ಅಳೆಯಿತು. ಫೆರೈಟ್‌ಗಳ ಬಗ್ಗೆ ಬರೆಯುವವರು ಇಂದಿಗೂ ಆ ಪ್ರಬಂಧವನ್ನು ಉಲ್ಲೇಖಿಸುತ್ತಾರೆ.

ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಆದ್ದರಿಂದ ಲೋಹದ ಗಟ್ಟಿಯೊಳಗೆ ಸೆಂಟಿಮೀಟರುಗಟ್ಟಲೆ ನುಗ್ಗಬಲ್ಲದು. ರಿಯಾಕ್ಟರಿನಲ್ಲಿ ಹುಟ್ಟಿದಾಗ ಅದರದು ವಿಪರೀತ ವೇಗ. ಭಾರಜಲದಂಥ ಮಂದಕದಲ್ಲಿ ಅಲ್ಲಲ್ಲಿ ಡಿಕ್ಕಿ ಹೊಡೆದು ಸೆಕೆಂಡಿಗೆ 2,200 ಮೀಟರಿನಷ್ಟಕ್ಕೆ ಇಳಿದಾಗ ಅದರ ತರಂಗದೂರ ಸುಮಾರು 1.8 ಆಂಗ್‌ಸ್ಟ್ರಾಮ್, ಅಂದರೆ ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರದಷ್ಟೇ ಆಗುತ್ತದೆ. ಇದಿಷ್ಟೇ ಆಗಿದ್ದರೂ ಅದು ಉಪಯುಕ್ತ ಕಣವೇ. ಆದರೆ ಅದಕ್ಕೆ ಸ್ಪಿನ್ ಇದೆ, ಸ್ಪಿನ್ನಿನ ಜೊತೆಗೆ ತನ್ನದೇ ಆದ ಪುಟ್ಟ ಕಾಂತವೂ ಇದೆ. ದಾರಿಯಲ್ಲಿ ಸಿಗುವ ಪರಮಾಣು ಕಾಂತವನ್ನು ಅದು ಗುರುತಿಸಿ, ಅದಕ್ಕೆ ತಕ್ಕಂತೆ ಚದರುತ್ತದೆ.

ಇದನ್ನು ಮೊದಲು ಮನಗಂಡವರಲ್ಲಿ ಫೆಲಿಕ್ಸ್ ಬ್ಲಾಕ್ ಒಬ್ಬರು. ಚಾಡ್ವಿಕ್ ನ್ಯೂಟ್ರಾನನ್ನು ಕಂಡು ನಾಲ್ಕೇ ವರ್ಷಕ್ಕೆ, 1936ರಲ್ಲಿ, ಕಾಂತೀಕರಿಸಿದ ಕಬ್ಬಿಣದ ಮೂಲಕ ಹಾಯಿಸಿದರೆ ನ್ಯೂಟ್ರಾನ್‌ಗಳ ಸ್ಪಿನ್‌ಗಳನ್ನು ಒಂದು ಕಡೆಗೆ ತಿರುಗಿಸಿದ ಕಿರಣ ಸಿಗುತ್ತದೆ ಎಂದು ಅವರು ಬರೆದರು. 1940ರಲ್ಲಿ ಆಲ್ವಾರೆಜ್ ಜೊತೆಗೂಡಿ ನ್ಯೂಟ್ರಾನಿನ ಕಾಂತವನ್ನು ಅಳೆದರು. ಕಾಂತಕ್ಷೇತ್ರದಲ್ಲಿ ಸ್ಪಿನ್ ಗಿರಕಿ ಹೊಡೆಯುತ್ತದೆ, ಆ ಗಿರಕಿಗೆ ಹೊಂದುವ ರೇಡಿಯೋ ಅಲೆ ಕೊಟ್ಟರೆ ಅದು ಮಗುಚುತ್ತದೆ ಎಂಬುದು ಆ ಅಳತೆಯ ಹೂರಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ಯೋಚನೆಯನ್ನು ಅವರು ಪ್ರೋಟಾನಿಗೆ ಹಚ್ಚಿದರು. 1952ರಲ್ಲಿ ಪರ್ಸೆಲ್ ಜೊತೆ ನೊಬೆಲ್ ಹಂಚಿಕೊಂಡರು. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗಳಲ್ಲೂ ನಿಮ್ಹಾನ್ಸ್‌ನಲ್ಲೂ ಇರುವ ಎಂಆರ್‌ಐ ಯಂತ್ರಗಳ ಮೂಲ ಅದು. 1.5 ಟೆಸ್ಲಾ ಯಂತ್ರದೊಳಗೆ ಮಲಗಿದವರ ಮೈಯ ಪ್ರೋಟಾನ್ ಸೆಕೆಂಡಿಗೆ ಸುಮಾರು 6.4 ಕೋಟಿ ಸುತ್ತು ಗಿರಕಿ ಹೊಡೆಯುತ್ತದೆ. ಅದೇ ಕ್ಷೇತ್ರಕ್ಕೆ ನ್ಯೂಟ್ರಾನ್ ಬಂದರೆ ಸುಮಾರು 4.4 ಕೋಟಿ ಸುತ್ತು. ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಗೂ ಮುಂಬೈಯ ಟ್ರಾಂಬೆಯಲ್ಲಿರುವ ನ್ಯೂಟ್ರಾನ್ ಪ್ರಯೋಗಾಲಯಕ್ಕೂ ಇಷ್ಟು ಹತ್ತಿರದ ನಂಟಿದೆ ಎಂಬುದು ನಮ್ಮ ಕಾಲೇಜು ಪಾಠಗಳಲ್ಲಿ ಯಾಕೋ ಬರುವುದೇ ಇಲ್ಲ.

ಸ್ಪಿನ್‌ಗಳನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಏನು ಲಾಭ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನ್ಯೂಟ್ರಾನ್ ಪರಮಾಣುವಿನ ಬೀಜದಿಂದಲೂ ಚದರುತ್ತದೆ, ಕಾಂತದಿಂದಲೂ ಚದರುತ್ತದೆ. ಬೀಜದ ಪಾಲು 1, ಕಾಂತದ ಪಾಲು 0.1 ಎಂದಿಟ್ಟುಕೊಳ್ಳಿ. ಸ್ಪಿನ್‌ಗಳು ಅಡ್ಡಾದಿಡ್ಡಿಯಾಗಿದ್ದರೆ ಎರಡರ ವರ್ಗಗಳಷ್ಟೇ ಕೂಡುತ್ತವೆ: 1ಕ್ಕೆ 0.01 ಸೇರಿ 1.01. ಶೇ 1ರ ಆ ಹೆಚ್ಚಳವನ್ನು ಹಿಡಿಯುವುದು ಕಷ್ಟ. ಸ್ಪಿನ್ ಒಂದೇ ಕಡೆಗಿದ್ದರೆ ಮೊದಲು ಕೂಡಿ, ಆಮೇಲೆ ವರ್ಗವಾಗುತ್ತದೆ: ಮೇಲ್ಮುಖ ಸ್ಪಿನ್ನಿಗೆ 1.1ರ ವರ್ಗ 1.21, ಕೆಳಮುಖಕ್ಕೆ 0.9ರ ವರ್ಗ 0.81. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 1.49. ಶೇ 1ರಷ್ಟಿದ್ದ ಸುಳಿವು ಶೇ 49ಕ್ಕೆ ಏರಿತು! ಗಾಯನ ಸಮಾಜದ ಕಛೇರಿಯಲ್ಲಿ ಒಂಟಿಯಾಗಿ ಕೇಳಿದರೆ ತಿಳಿಯದಷ್ಟು ಸಣ್ಣ ಅಪಶ್ರುತಿ ತಂಬೂರಿಯ ತುಂಬುದನಿಯೊಡನೆ ಸೇರಿದಾಗ ಅಲೆಅಲೆಯಾಗಿ ಎದ್ದು ಕೇಳುವಂತೆ, ಇಲ್ಲಿ ಬೀಜದ ದೊಡ್ಡ ದನಿಯೇ ಕಾಂತದ ಸಣ್ಣ ದನಿಯನ್ನು ಎತ್ತಿಕೊಡುತ್ತದೆ. ಪ್ರಯೋಗದಲ್ಲಿ ಮಾಡುವುದಿಷ್ಟೆ: ಕಿರಣದ ದಾರಿಯಲ್ಲಿ ಫ್ಲಿಪ್ಪರ್ ಎಂಬ ಸುರುಳಿ ಇಟ್ಟು, ಸ್ಪಿನ್ನನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಮಾಡಿ, ಎರಡೂ ಸಲ ಎಣಿಸುವುದು. ಅಮೆರಿಕದ ಶಲ್ ಮತ್ತು ಸಂಗಡಿಗರು 1959ರಲ್ಲಿ ಕಬ್ಬಿಣ, ನಿಕ್ಕಲ್‌ಗಳ ಮೇಲೆ ಇದನ್ನು ಮಾಡಿ ತೋರಿಸಿದರು. 1966ರ ಹೊತ್ತಿಗೆ ಕಬ್ಬಿಣದೊಳಗಿನ ಕಾಂತತ್ವದ ನಕ್ಷೆಯೇ ಬಂತು. ಪರಮಾಣುಗಳ ನಡುವಿನ ಬಯಲಿನಲ್ಲಿ ಕಾಂತತ್ವ ಕೊಂಚ ತಿರುಗುಮುರುಗಾಗಿದೆ ಎಂಬ ಅಚ್ಚರಿ ಅದರಲ್ಲಿತ್ತು.

ಮೂನ್, ರಿಸ್ಟೆ, ಕೋಲರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಚದರಿದ ನ್ಯೂಟ್ರಾನಿನ ಸ್ಪಿನ್ ಮಗುಚಿದೆಯೋ ಇಲ್ಲವೋ ಎಂದೂ ನೋಡಿದರು. ಹರಳಿನ ಬೀಜಗಳು ಒಟ್ಟುಗೂಡಿ ಮಾಡುವ ಚದರಿಕೆಯಲ್ಲಿ ಸ್ಪಿನ್ ಮಗುಚುವುದೇ ಇಲ್ಲ. ಕಿರಣದ ಸ್ಪಿನ್ನಿಗೆ ಅಡ್ಡವಾಗಿ ಮಲಗಿದ ಪರಮಾಣು ಕಾಂತ ಅದನ್ನು ಮಗುಚುತ್ತದೆ. ಉದ್ದಕ್ಕೆ ನಿಂತದ್ದು ಮಗುಚುವುದಿಲ್ಲ. ಅಂದರೆ ಎಷ್ಟು ಎಂಬುದರ ಜೊತೆಗೆ ಯಾವ ಕಡೆಗೆ ಎಂಬ ಉತ್ತರವೂ ಒಂದೇ ಪ್ರಯೋಗದಲ್ಲಿ ಸಿಕ್ಕಿತು. ಸುರುಳಿಸುತ್ತಿದ ಕಾಂತವ್ಯವಸ್ಥೆ ಎಡಮುರಿಯೋ ಬಲಮುರಿಯೋ ಎಂಬುದನ್ನೂ ಧ್ರುವೀಕೃತ ಕಿರಣ ನೇರವಾಗಿ ಹೇಳಬಲ್ಲದು. ಕಾಂತವನ್ನು ಅರಿಯುವ ಬೇರೆ ಉಪಾಯಗಳನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಆದರೂ ಗಟ್ಟಿ ವಸ್ತುವಿನ ಒಡಲಿನೊಳಗೆ ಹೊಕ್ಕು ದಿಕ್ಕನ್ನು ಇಷ್ಟು ಖಚಿತವಾಗಿ ಓದುವ ವಿದ್ಯೆ ಇನ್ನೊಂದಿಲ್ಲ ಎಂದೇ ನನ್ನ ತಿಳಿವಳಿಕೆ.

ಈ ಕತೆಯಲ್ಲಿ ಕನ್ನಡ ನಾಡಿನವರ ಪಾಲು ದೊಡ್ಡದು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಮೊದಲ ಬಾರಿಗೆ ಚಾಲೂ ಆದಾಗ ಹೋಮಿ ಭಾಭಾ ಅವರ ಜೊತೆಗಿದ್ದವರಲ್ಲಿ ತುಮಕೂರು ಸೀಮೆಯ ರಾಜಾ ರಾಮಣ್ಣ, ಬೆಂಗಳೂರಿನ ಎಂ.ಆರ್. ಶ್ರೀನಿವಾಸನ್ ಇದ್ದರು. ಮಂದಕದಲ್ಲಿ ನ್ಯೂಟ್ರಾನ್ ಹೇಗೆ ತಣಿಯುತ್ತದೆ ಎಂಬುದೇ ರಾಮಣ್ಣನವರ ಆರಂಭದ ಸಂಶೋಧನೆಗಳಲ್ಲೊಂದು. ಅದೇ ಹೊತ್ತಿಗೆ ಪಿ.ಕೆ. ಅಯ್ಯಂಗಾರ್ ಕೆನಡಾದ ಚಾಕ್ ರಿವರ್‌ನಲ್ಲಿ ಬ್ರಾಕ್‌ಹೌಸ್ ಬಳಿ ನ್ಯೂಟ್ರಾನ್ ಚದರಿಕೆ ಕಲಿತು ಬಂದು ಟ್ರಾಂಬೆಯಲ್ಲಿ ಶಾಲೆ ಕಟ್ಟಿದರು. ಆ ಬ್ರಾಕ್‌ಹೌಸ್‌ಗೂ ಓಕ್ ರಿಜ್‌ನ ಶಲ್‌ಗೂ 1994ರಲ್ಲಿ ನೊಬೆಲ್ ಬಂತು. ಟ್ರಾಂಬೆಯವರು ತಮ್ಮ ಸ್ಪೆಕ್ಟ್ರೋಮೀಟರುಗಳನ್ನು ತಾವೇ ಕಡೆದು ಜೋಡಿಸಿಕೊಂಡರು. 1985ರ ಆಗಸ್ಟ್ 8ರಂದು 100 ಮೆಗಾವಾಟಿನ ಧ್ರುವ ರಿಯಾಕ್ಟರ್ ಚಾಲೂ ಆದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರು ರಾಮಣ್ಣ. ಅವರ ನಂತರ ಆ ಕುರ್ಚಿಗೆ ಶ್ರೀನಿವಾಸನ್ ಬಂದರು, ಅವರ ನಂತರ ಅಯ್ಯಂಗಾರ್. ಇವತ್ತು ನಮ್ಮ ದೇಶದ ಧ್ರುವೀಕೃತ ನ್ಯೂಟ್ರಾನ್ ಉಪಕರಣಗಳು ನಿಂತಿರುವುದು ಧ್ರುವದ ಸುತ್ತಲೇ.

ದಕ್ಷಿಣ ಬೆಂಗಳೂರಿಗೂ ಇದರಲ್ಲಿ ಜಾಗವಿದೆ. ಜಯನಗರದ ನ್ಯಾಷನಲ್ ಕಾಲೇಜು 1965ರಲ್ಲಿ ಶುರುವಾಯಿತು. ಆ ಕಾಲೇಜಿನ ಬಳಗವನ್ನು ಬೆಳೆಸಿದ ಎಚ್. ನರಸಿಂಹಯ್ಯನವರನ್ನು ನಾವು ಗಾಂಧಿವಾದಿ, ವಿಚಾರವಾದಿ ಎಂದು ನೆನೆಯುತ್ತೇವೆ. ಅಮೆರಿಕದ ಒಹಾಯೋದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿ ಬಂದವರು ಅವರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಊರಿನ ಸಾಮಾನ್ಯರಿಗೆ ವಿಜ್ಞಾನಿಗಳ ಮಾತು ಕೇಳಿಸಿತು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಸಿ.ಎನ್.ಆರ್. ರಾವ್ ಮುಂದೆ ಮ್ಯಾಂಗನೀಸ್ ಆಕ್ಸೈಡುಗಳ ಜಗತ್ಪ್ರಸಿದ್ಧ ಸಂಶೋಧಕರಾದರು. ಕಾಂತಕ್ಷೇತ್ರ ಹಚ್ಚಿದರೆ ವಿದ್ಯುತ್ ರೋಧ ದಿಢೀರನೆ ಕುಸಿಯುವ ವಸ್ತುಗಳವು. ಅವುಗಳ ಕಾಂತವ್ಯವಸ್ಥೆಯನ್ನು 1955ರಲ್ಲಿ ನ್ಯೂಟ್ರಾನ್ ಬಳಸಿ ಮೊದಲು ಬಿಡಿಸಿದವರು ವೊಲಾನ್ ಮತ್ತು ಕೋಲರ್. 920ನೇ ಪುಟದ ಕೋಲರ್ ಇವರೇ.

ಬಿಟಿಎಂ ಲೇಔಟ್, ಬನಶಂಕರಿಯ ರಸ್ತೆಗಳಲ್ಲಿ ಈಗ ಸದ್ದಿಲ್ಲದೆ ಓಡುವ ಎಲೆಕ್ಟ್ರಿಕ್ ಸ್ಕೂಟರುಗಳ ಮಾತಿಗೆ ಬರೋಣ. ಅವುಗಳ ಮೋಟರಿನಲ್ಲಿ ಹೆಚ್ಚಾಗಿ ಇರುವುದು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಕಾಂತ. ಒಂದು ಘಟಕದಲ್ಲಿ ನಿಯೋಡಿಮಿಯಂ ಎರಡು, ಕಬ್ಬಿಣ ಹದಿನಾಲ್ಕು, ಬೋರಾನ್ ಒಂದು. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲೂ ಅಮೆರಿಕದಲ್ಲೂ ಬೇರೆಬೇರೆಯಾಗಿ ಸಿಕ್ಕಿದ ವಸ್ತು. ಅದರ ಹರಳಿನ ರಚನೆಯನ್ನು 1984ರಲ್ಲಿ ನ್ಯೂಟ್ರಾನ್ ವಿವರ್ತನೆಯಿಂದ ಬಿಡಿಸಿದ ತಂಡಗಳಲ್ಲಿ ಜನರಲ್ ಮೋಟರ್ಸ್‌ನ ಹರ್ಬ್‌ಸ್ಟ್ ತಂಡ ಒಂದು. ಮರುವರ್ಷ ಫ್ರಾನ್ಸಿನ ಗಿವೋರ್ ಮತ್ತು ಸಂಗಡಿಗರು ಧ್ರುವೀಕೃತ ನ್ಯೂಟ್ರಾನ್ ಹಾಯಿಸಿ ನೋಡಿದರು. ಹದಿನಾಲ್ಕು ಕಬ್ಬಿಣಗಳು ಆರು ಬಗೆಯ ಜಾಗಗಳಲ್ಲಿ ಹಂಚಿಕೊಂಡಿವೆ, ಎಲ್ಲವುಗಳ ಬಲವೂ ಒಂದೇ ಅಲ್ಲ ಎಂದು ತಿಳಿಯಿತು. ಬಿಸಿಯಾದ ಮೋಟರಿನಲ್ಲೂ ಬಲಗುಂದದ ಕಾಂತ ಬೇಕಾದರೆ, ದುಬಾರಿಯಾದ ಡಿಸ್ಪ್ರೋಸಿಯಂ ಇಲ್ಲದೆ ಅದನ್ನು ಮಾಡಬೇಕಾದರೆ, ಯಾವ ಜಾಗದ ಪರಮಾಣು ಏನು ಮಾಡುತ್ತಿದೆ ಎಂಬ ಈ ಅರಿವು ಬೇಕೇ ಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭಸ್ಮ ಧಾತುಗಳ ಮತ್ತು ಅವುಗಳ ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ತಯಾರಕರು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂತು. ಗಣಿ, ಕಾರ್ಖಾನೆ, ಸಬ್ಸಿಡಿಗಳ ಬಗ್ಗೆ ಚರ್ಚೆಯಾಯಿತು. ಕಾಂತದ ಒಳಗನ್ನು ಓದುವ ವಿದ್ಯೆಯ ಬಗ್ಗೆ ಆಗಲಿಲ್ಲ. ಅದು ನನಗೆ ಬಹಳ ನೋವಿನ ಸಂಗತಿ.

ಈ ಕೆಲಸದಲ್ಲಿ ಸಣ್ಣಪುಟ್ಟ ಸಂಕಟಗಳೂ ಇವೆ. ಬೋರಾನಿನಲ್ಲಿ ಐದರಲ್ಲೊಂದು ಪಾಲಿನಷ್ಟಿರುವ ಬೋರಾನ್–10 ನ್ಯೂಟ್ರಾನನ್ನು ನುಂಗಿಬಿಡುತ್ತದೆ; ಆದ್ದರಿಂದ ಬೋರಾನ್–11 ಮಾತ್ರ ಹಾಕಿ ಸ್ಯಾಂಪಲ್ ಮಾಡಬೇಕಾಗುತ್ತದೆ. ಡಿಸ್ಪ್ರೋಸಿಯಂ, ಗ್ಯಾಡೋಲಿನಿಯಂ, ಸಮೇರಿಯಂ ಕೂಡ ಹೊಟ್ಟೆಬಾಕಗಳೇ. ಇನ್ನು ಕಿರಣವನ್ನು ಧ್ರುವೀಕರಿಸಲು ಬೇಕಾದ ಹರಳಿನ ಕತೆಯೇ ಸ್ವಾರಸ್ಯದ್ದು. ತಾಮ್ರ, ಮ್ಯಾಂಗನೀಸ್, ಅಲ್ಯೂಮಿನಿಯಂ ಇವುಗಳಲ್ಲಿ ಯಾವುದೂ ತಾನಾಗಿ ಕಬ್ಬಿಣದಂಥ ಕಾಂತವಲ್ಲ. ಮೂರನ್ನೂ ಸರಿಯಾದ ಅಳತೆಯಲ್ಲಿ ಬೆರೆಸಿದರೆ ಕಾಂತವಾಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಹಾಯ್ಸ್ಲರ್ ಇದನ್ನು ಕಂಡಾಗ ಜನ ಬೆರಗಾಗಿದ್ದರು. ಅದರ ಹರಳಿನ ಒಂದು ಸಮತಲದಲ್ಲಿ ಬೀಜದ ಪಾಲೂ ಕಾಂತದ ಪಾಲೂ ಹೆಚ್ಚುಕಡಿಮೆ ಸಮನಾಗಿ, ಒಂದು ಸ್ಪಿನ್ನಿನವು ಪುಟಿದು ಬರುತ್ತವೆ, ಇನ್ನೊಂದರವು ಬರುವುದೇ ಇಲ್ಲ. ಆಗ ಅರ್ಧಕ್ಕರ್ಧ ನ್ಯೂಟ್ರಾನ್ ಅಲ್ಲೇ ಕೈಬಿಟ್ಟ ಹಾಗೆ. ಚದರಿದ ಮೇಲೆ ಮತ್ತೊಮ್ಮೆ ಸ್ಪಿನ್ ನೋಡಬೇಕೆಂದರೆ ಇನ್ನಷ್ಟು ಹೋಗುತ್ತವೆ.

ಮಲ್ಲೇಶ್ವರದಾಚೆಗಿನ ರಾಮನ್ ಸಂಶೋಧನಾ ಸಂಸ್ಥೆಯ ಒಂದು ಪ್ರಸಂಗವನ್ನು ಇಲ್ಲಿ ಬಿಡುವಂತಿಲ್ಲ. ಅಪ್ಸರಾ ಚಾಲೂ ಆದ ವರ್ಷವೇ, 1956ರಲ್ಲಿ, ಅಲ್ಲಿ ಇಪ್ಪತ್ತೆರಡರ ತರುಣ ಎಸ್. ಪಂಚರತ್ನಂ ಹರಳುಗಳಲ್ಲಿ ಹಾಯುವ ಧ್ರುವೀಕೃತ ಬೆಳಕನ್ನು ಕುರಿತು ಬರೆದರು. ಸಿ.ವಿ. ರಾಮನ್ ಅವರ ಸೋದರಿಯ ಮಗ. ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಿಸಿ ಮೊದಲಿನ ಸ್ಥಿತಿಗೇ ತಂದರೂ ಅಲೆ ಕೊಂಚ ಜರುಗಿರುತ್ತದೆ, ಆ ಜರುಗಿಕೆ ಸಾಗಿ ಬಂದ ದಾರಿ ಸುತ್ತುವರಿದ ಘನಕೋನದ ಅರ್ಧದಷ್ಟು ಎಂದು ತೋರಿಸಿದರು. 1969ರಲ್ಲಿ, ಮೂವತ್ತೈದರ ಹರೆಯದಲ್ಲಿ, ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. 1984ರಲ್ಲಿ ಮೈಕೆಲ್ ಬೆರ್ರಿ ಕ್ವಾಂಟಂ ಲೋಕದಲ್ಲಿ ಇಂಥದ್ದನ್ನೇ ಕಂಡು ಹೆಸರಾದಾಗ, ಇದು ನಮ್ಮ ಪಂಚರತ್ನಂ ಹೇಳಿದ್ದೇ ಅಲ್ಲವೇ ಎಂದು ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಬೆರ್ರಿ ಅದನ್ನು ಒಪ್ಪಿ, ಮರುವರ್ಷವೇ ತಾವೂ ಅದರ ಬಗ್ಗೆ ಬರೆದರು. ಈಗ ಆ ಜರುಗಿಕೆಗೆ ಪಂಚರತ್ನಂ–ಬೆರ್ರಿ ಎಂಬ ಹೆಸರು ನಿಂತಿದೆ.

ಬೆಳಕಿನ ಎರಡು ಧ್ರುವೀಕರಣಗಳಿಗೂ ನ್ಯೂಟ್ರಾನಿನ ಎರಡು ಸ್ಪಿನ್ ಸ್ಥಿತಿಗಳಿಗೂ ಗಣಿತ ಒಂದೇ. ಹಾಗಾಗಿ 1987ರಲ್ಲಿ ಬಿಟ್ಟರ್ ಮತ್ತು ಡಬ್ಬರ್ಸ್ ತಿರುಚಿದ ಕಾಂತಕ್ಷೇತ್ರದಲ್ಲಿ ಧ್ರುವೀಕೃತ ನ್ಯೂಟ್ರಾನ್ ಹಾಯಿಸಿ ಆ ಜರುಗಿಕೆಯನ್ನು ಅಳೆದರು. 1997ರಲ್ಲಿ ಟ್ರಾಂಬೆಯ ಅಪೂರ್ವ ವಾಘ್, ವೀರಚಂದ್ ರಖೇಚಾ ಅಮೆರಿಕದ ಮಿಸೌರಿ ರಿಯಾಕ್ಟರಿನಲ್ಲಿ ಸಂಗಡಿಗರೊಡನೆ ಅದನ್ನು ಇನ್ನಷ್ಟು ಶುದ್ಧವಾಗಿ ಬೇರ್ಪಡಿಸಿ ತೋರಿಸಿದರು. ಇದು ಬರಿಯ ಬೌದ್ಧಿಕ ಸುಖದ ವಿಷಯವಲ್ಲ. 2009ರಲ್ಲಿ ಜರ್ಮನಿಯಲ್ಲಿ ಮ್ಯಾಂಗನೀಸ್ ಸಿಲಿಸೈಡಿನೊಳಗೆ ನ್ಯೂಟ್ರಾನಿನಿಂದಲೇ ಕಂಡ ಸ್ಕಿರ್ಮಿಯಾನ್ ಎಂಬ ಕಾಂತದ ಸುಳಿಗಳಲ್ಲಿ ಹಾದುಹೋಗುವ ಎಲೆಕ್ಟ್ರಾನ್ ಪಡೆಯುವುದೂ ಇದೇ ಜರುಗಿಕೆಯನ್ನು. ಮಾಹಿತಿಯನ್ನು ಕಡಿಮೆ ವಿದ್ಯುತ್ತಿನಲ್ಲಿ ಹಿಡಿದಿಡುವ ಮುಂದಿನ ಸಾಧನಗಳಿಗಾಗಿ ಜಗತ್ತು ಆ ಸುಳಿಗಳ ಮೇಲೆ ಕಣ್ಣಿಟ್ಟಿದೆ.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಹೊಸ ಕಾಂತವಸ್ತುಗಳು ತಯಾರಾಗುತ್ತಲೇ ಇವೆ. ವಿದ್ಯಾರ್ಥಿಗಳು ಕುಲುಮೆಯ ಮುಂದೆ ತಿಂಗಳುಗಟ್ಟಲೆ ಕೂತು ಕೆಲವು ಗ್ರಾಂ ಪುಡಿ ಮಾಡುತ್ತಾರೆ, ಅದೃಷ್ಟವಿದ್ದರೆ ಒಂದು ಒಳ್ಳೆಯ ಹರಳು ಬೆಳೆಸುತ್ತಾರೆ. ಆಮೇಲೆ ಪ್ರಪೋಸಲ್ ಬರೆದು ಬೀಮ್ ಟೈಮ್‌ಗೆ, ಅಂದರೆ ಕಿರಣ ಬಳಸುವ ಸರದಿಗೆ, ಕಾಯಬೇಕು. ವಿಶ್ವವಿದ್ಯಾಲಯದವರಿಗೆ ಧ್ರುವದ ಬಾಗಿಲು ತೆರೆಸಿಕೊಡುವ ಯುಜಿಸಿ–ಡಿಎಇ ಒಕ್ಕೂಟ ಇದೆ, ಅದು ದೊಡ್ಡ ಉಪಕಾರ. ಆದರೆ ಧ್ರುವದ ನ್ಯೂಟ್ರಾನ್ ದಟ್ಟಣೆಗಿಂತ ಫ್ರಾನ್ಸಿನ ಗ್ರೆನೋಬಲ್ ರಿಯಾಕ್ಟರಿನದು ಸುಮಾರು ಎಂಟು ಪಟ್ಟು ಹೆಚ್ಚು. ಹಾಯ್ಸ್ಲರ್ ಹರಳಿನಲ್ಲಿ ಅರ್ಧ ಕೈಬಿಡುವ ಈ ವಿದ್ಯೆಗೆ ಆ ಎಂಟು ಪಟ್ಟು ಬಹಳ ದೊಡ್ಡದು. ಇಲ್ಲಿ ವಾರ ಬೇಕಾದ ಅಳತೆ ಅಲ್ಲಿ ಒಂದು ದಿನದಲ್ಲಿ ಮುಗಿದೀತು. ಅಮೆರಿಕ 2006ರಲ್ಲಿ, ಜಪಾನ್ 2008ರಲ್ಲಿ, ಚೀನಾ 2018ರಲ್ಲಿ ರಿಯಾಕ್ಟರಿನ ಹಂಗಿಲ್ಲದೆ ಪ್ರೋಟಾನ್ ಬಡಿದು ನ್ಯೂಟ್ರಾನ್ ಹೊಮ್ಮಿಸುವ ಕೇಂದ್ರಗಳನ್ನು ತೆರೆದವು. ನಮ್ಮ ಧ್ರುವಕ್ಕೆ 2025ರಲ್ಲಿ ನಲವತ್ತು ತುಂಬಿತು.

ಅಂಥದೊಂದು ಕೇಂದ್ರವನ್ನು ಇಲ್ಲಿಯೇ ಕಟ್ಟುವ ಯೋಜನೆ ಇಲ್ಲವೆಂದಲ್ಲ. ಸೆಕೆಂಡಿಗೆ ಹಲವು ಬಾರಿ ಪ್ರೋಟಾನ್‌ಗಳನ್ನು ನೂರು ಕೋಟಿ ಎಲೆಕ್ಟ್ರಾನ್ ವೋಲ್ಟಿಗೆ ಏರಿಸಿ ಭಾರಲೋಹಕ್ಕೆ ಬಡಿಯುವ ಯೋಜನೆಯೊಂದು ಇಂದೋರಿನ ಸಂಸ್ಥೆಯಲ್ಲಿದೆ. ಆ ಸಂಸ್ಥೆಗೆ ರಾಜಾ ರಾಮಣ್ಣನವರದೇ ಹೆಸರು. ವಿಶಾಖಪಟ್ಟಣದ ಬಳಿ ಹೆಚ್ಚು ದಟ್ಟಣೆಯ ಹೊಸ ರಿಯಾಕ್ಟರಿನ ಯೋಜನೆಯೂ ಇದೆ. ಇವು ಕಾಗದದಿಂದ ನೆಲಕ್ಕೆ ಇಳಿಯಬೇಕಾದರೆ ಒತ್ತಾಯ ಹಾಕಬೇಕಾದವರಲ್ಲಿ ಬೆಂಗಳೂರಿನವರು ಮೊದಲಿಗರು. ಏಕೆಂದರೆ ಸ್ಯಾಂಪಲ್ ತಯಾರಿಸುವವರೂ ಇಲ್ಲಿದ್ದಾರೆ, ಕಾಂತ ಬೇಕಾದ ಕಂಪನಿಗಳೂ ಇಲ್ಲಿವೆ. ಈಗ ಆಲ್ಟರ್‌ಮ್ಯಾಗ್ನೆಟ್ ಎಂಬ ಹೊಸ ಬಗೆಯ ಕಾಂತವಸ್ತುಗಳ ಚರ್ಚೆ ಜೋರಾಗಿದೆ. ಹೊರಗಿನಿಂದ ಅಳೆದರೆ ಅವುಗಳ ಒಟ್ಟು ಬಲ ಸೊನ್ನೆ. ಒಳಗೆ ಮಾತ್ರ ಮೇಲ್ಮುಖ, ಕೆಳಮುಖ ಸ್ಪಿನ್‌ಗಳಿಗೆ ಬೇರೆಬೇರೆ ದಾರಿ. ಅಲ್ಲಿ ಏಳುವ ಸ್ಪಿನ್ ಅಲೆಗಳಲ್ಲಿ ಎಡಮುರಿ ಯಾವುದು, ಬಲಮುರಿ ಯಾವುದು ಎಂದು ವಿಂಗಡಿಸಲು ಧ್ರುವೀಕೃತ ನ್ಯೂಟ್ರಾನ್ ಬೇಕು. ಅದಕ್ಕೆ ಕೆಲವು ಗ್ರಾಂ ತೂಗುವ ಚೊಕ್ಕ ಹರಳೂ ಬೇಕು. ಹರಳು ಬೆಳೆಸುವವರು ನಮ್ಮಲ್ಲಿದ್ದಾರೆ.